ಆಟದ ಖಾತೆಗೆ ಗಾಳ ಹಾಕುವ ಇಮೇಲ್: ದೋಷ ಪತ್ತೆ ಮತ್ತು ನಿವಾರಣೆಯ ಕ್ರಮ

ಆನ್‌ಲೈನ್ ಆಟದ ಖಾತೆ ಕೈತಪ್ಪಿತೆಂದು ಕೋಲಾರದ ಬಸ್ ನಿಲ್ದಾಣದ ಸುತ್ತಮುತ್ತಲ ಕಂಪ್ಯೂಟರ್ ಅಂಗಡಿಗಳಿಗೆ ಬರುವ ಹುಡುಗರು ಹೆಚ್ಚಾಗಿ ಹೇಳುವ ಮಾತು "ಐಡಿ ಹ್ಯಾಕ್ ಆಗಿದೆ ಅಣ್ಣಾ" ಎಂಬುದು. ಕೂರಿಸಿ ವಿಚಾರಿಸಿದರೆ ಹಲವು ಸಲ ಯಾರೂ ಯಾವ ಬೀಗವನ್ನೂ ಮುರಿದಿರುವುದಿಲ್ಲ: ಆಟದ ಕಂಪನಿಯ ಹೆಸರಿನಲ್ಲಿ ಒಂದು ಇಮೇಲ್ ಬಂದಿರುತ್ತದೆ, ಅದರ ಲಿಂಕ್ ಒತ್ತಿದಾಗ ತೆರೆದುಕೊಂಡ ಪುಟದಲ್ಲಿ ಪಾಸ್‌ವರ್ಡನ್ನೂ ಅದರ ಹಿಂದೆಯೇ ಬಂದ ಒಟಿಪಿಯನ್ನೂ ಇವರೇ ತುಂಬಿಕೊಟ್ಟಿರುತ್ತಾರೆ. ಫಿಶಿಂಗ್ ಎಂದು ಕರೆಯುವುದು ಇದನ್ನೇ. ದೋಷವು ಫೋನಿನಲ್ಲಿಯೂ ಇಲ್ಲ, ಆಟದಲ್ಲಿಯೂ ಇಲ್ಲವಾದ್ದರಿಂದ ದುಡ್ಡು ಕೊಟ್ಟು ಫೋನ್ ಫಾರ್ಮ್ಯಾಟ್ ಮಾಡಿಸಿಕೊಂಡು ಹೋಗುವುದು ಇದಕ್ಕೆ ಪರಿಹಾರವಲ್ಲ. ಮೇಲ್ ನಕಲಿಯೋ ಅಸಲಿಯೋ ಎಂದು ಗುರುತಿಸುವುದು ಒಂದು ಕೆಲಸ. ಅದರ ಬಲೆಯಲ್ಲಿ ನಾವು ಎಲ್ಲಿಯವರೆಗೆ ಹೋಗಿದ್ದೇವೆ ಎಂದು ಅಳೆದು, ಅದಕ್ಕೆ ತಕ್ಕ ಕ್ರಮ ಕೈಗೊಳ್ಳುವುದು ಇನ್ನೊಂದು ಕೆಲಸ. ಈಗಾಗಲೇ ಪಾಸ್‌ವರ್ಡ್ ಕೊಟ್ಟಾಗಿದೆ ಎನ್ನುವವರು ಗುರುತಿಸುವ ಭಾಗವನ್ನು ಸದ್ಯಕ್ಕೆ ಬಿಟ್ಟು "ಎಲ್ಲಿಯವರೆಗೆ ಹೋಗಿದೆ" ಎಂಬ ಭಾಗದಿಂದಲೇ ಓದುವುದು ಒಳ್ಳೆಯದು, ಏಕೆಂದರೆ ಅಲ್ಲಿ ಹೊತ್ತು ಮುಖ್ಯ.

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಹಳ್ಳಿಗಳಿಂದ ಬರುವ ಪ್ರಕರಣಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಆಟದ ಐಡಿ ಪಿಯುಸಿ ಓದುವ ಮಗನದಾದರೂ ಅದಕ್ಕೆ ಜೋಡಿಸಿರುವ ಜಿಮೇಲ್ ತಂದೆಯದಾಗಿರುತ್ತದೆ. ಟೊಮೆಟೊ ಮಂಡಿಯ ಹಣ ಜಮೆಯಾಗುವ ಬ್ಯಾಂಕ್ ಖಾತೆಗೆ ಕೊಟ್ಟಿರುವುದೂ ಅದೇ ಜಿಮೇಲ್ ವಿಳಾಸ. ಮನೆಯವರ ಆಧಾರ್ ಕಾರ್ಡು, ಪಹಣಿಗಳ ಫೋಟೊ ಹೋಗಿ ಕೂರುವುದೂ ಅಲ್ಲಿಯೇ. ಹಾಗಾಗಿ ಒಂದು ಗನ್ ಸ್ಕಿನ್ನಿನ (ಆಟದ ಬಂದೂಕಿಗೆ ಹಾಕುವ ಅಲಂಕಾರದ) ಆಸೆಗೆ ಕೊಟ್ಟ ಪಾಸ್‌ವರ್ಡು ಜಿಮೇಲ್‌ನದಾಗಿದ್ದರೆ ಕಳೆದುಹೋದದ್ದು ಆಟವಷ್ಟೇ ಅಲ್ಲ. ಆಟದ ಖಾತೆಗೆ ಬಂದ ಮೇಲ್ ಎಂದು ಮನೆಯ ಹಿರಿಯರು ತಾತ್ಸಾರ ಮಾಡುವುದರಿಂದಲೂ, ಬೈಗುಳಕ್ಕೆ ಹೆದರಿ ಹುಡುಗರು ಮುಚ್ಚಿಡುವುದರಿಂದಲೂ ಇದನ್ನು ಮೊದಲೇ ಹೇಳಬೇಕಾಯಿತು.

ನಂಬಬಾರದ ಲಕ್ಷಣಗಳು

ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಕೆಲವು ಲಕ್ಷಣಗಳು ಈಗ ಕೆಲಸಕ್ಕೆ ಬರುವುದಿಲ್ಲ. ಕಾಗುಣಿತದ ತಪ್ಪುಗಳಿದ್ದರೆ ನಕಲಿ ಎಂಬುದು ಸರಿಯೇ ಇರಬಹುದು, ಆದರೆ ತಪ್ಪುಗಳಿಲ್ಲದಿದ್ದರೆ ಅಸಲಿ ಎಂದು ತಿಳಿಯುವುದು ಅಪಾಯ. ತಪ್ಪಿಲ್ಲದ ಇಂಗ್ಲಿಷನ್ನು ಯಂತ್ರದಿಂದ ಬರೆಸುವುದು ಇವತ್ತು ಯಾರಿಗೂ ಕಷ್ಟವಲ್ಲ. ಲೋಗೊ, ಬಣ್ಣ, ಕೆಳಗಿನ ಕಂಪನಿ ವಿಳಾಸ ಇವೆಲ್ಲವನ್ನೂ ಅಸಲಿ ಮೇಲ್‌ನಿಂದ ನಕಲು ಮಾಡಿ ಅಂಟಿಸಬಹುದು. ಮೇಲ್ ನಿಮ್ಮ ಆಟದ ಹೆಸರು ಹಿಡಿದೇ ಕರೆಯುತ್ತದೆ ಎಂಬುದೂ ಗಟ್ಟಿ ಸಾಕ್ಷಿಯಲ್ಲ, ಹಿಂದೆ ಎಲ್ಲಾದರೂ ಸೋರಿಹೋದ ಪಟ್ಟಿಯಲ್ಲಿ ಆ ಹೆಸರು ಇದ್ದಿರಬಹುದು. ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಬೀಗದ ಚಿಹ್ನೆ ಇದ್ದರೆ ಸುರಕ್ಷಿತ ಎಂಬ ಮಾತನ್ನಂತೂ ಮರೆತೇಬಿಡಬೇಕು. ನಿಮ್ಮ ಫೋನಿಗೂ ಆ ಜಾಲತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥವಾಗಿತ್ತು. ತಾಣದ ಒಡೆಯ ಯಾರು, ಎಂಥವನು ಎಂಬುದನ್ನು ಅದು ಎಂದೂ ಹೇಳಿರಲಿಲ್ಲ. ಈ ತಪ್ಪು ತಿಳಿವಳಿಕೆಯ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನಿಂದ ಬೀಗದ ಚಿಹ್ನೆಯನ್ನು ತೆಗೆದು ಬೇರೊಂದು ಚಿಹ್ನೆ ಹಾಕಿತು.

ಕಳುಹಿಸಿದವರು ಯಾರು

ಮೇಲ್ ತೆರೆದಾಗ ದಪ್ಪಕ್ಷರದಲ್ಲಿ ಕಾಣುವ "ಸ್ಟೀಮ್ ಸಪೋರ್ಟ್" ಎಂಬ ಹೆಸರು (ಸ್ಟೀಮ್ ಎಂದರೆ ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ತಾಣ) ಕಳುಹಿಸಿದವನು ತಾನೇ ಬರೆದುಕೊಂಡದ್ದು. ಅಲ್ಲಿ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಜಿಮೇಲ್‌ನಲ್ಲಿ ಆ ಹೆಸರಿನ ಕೆಳಗಿರುವ ಸಣ್ಣ ಬಾಣದ ಗುರುತನ್ನು ಒತ್ತಿದರೆ ನಿಜವಾದ ವಿಳಾಸ ಕಾಣುತ್ತದೆ. ಸ್ಟೀಮ್‌ನ ಮೇಲ್ ಆದರೆ ವಿಳಾಸದ ಕೊನೆಯಲ್ಲಿ ಸ್ಟೀಮ್‌ಪವರ್ಡ್ ಡಾಟ್ ಕಾಮ್ ಎಂದೇ ಇರಬೇಕು. ಅದರ ಬದಲು ಉಚಿತ ಜಿಮೇಲ್ ವಿಳಾಸವೋ, ಕೇಳರಿಯದ ಇನ್ನಾವುದೋ ತಾಣದ ಹೆಸರೋ ಇದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ವಿಳಾಸವೂ ಸರಿಯಾಗಿಯೇ ಕಾಣುತ್ತಿದೆ, ಆದರೂ ಅನುಮಾನ ಹೋಗಿಲ್ಲ ಎಂದಾದರೆ ಅದೇ ಮೇಲನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದು, ಮೂರು ಚುಕ್ಕಿಗಳ ಪಟ್ಟಿಯಿಂದ "ಶೋ ಒರಿಜಿನಲ್" ಎಂಬುದನ್ನು ಆರಿಸಿಕೊಳ್ಳಬೇಕು. ಮೇಲ್ಭಾಗದಲ್ಲಿ ಎಸ್‌ಪಿಎಫ್, ಡಿಕೆಐಎಮ್, ಡಿಮಾರ್ಕ್ ಎಂಬ ಮೂರು ಸಾಲುಗಳಿರುತ್ತವೆ. ಆ ತಾಣದ ಪರವಾಗಿ ಮೇಲ್ ಕಳುಹಿಸಲು ಈ ಸರ್ವರ್‌ಗೆ ಅನುಮತಿ ಇದೆಯೇ ಎಂಬುದನ್ನು ಮೊದಲನೆಯದು ಹೇಳುತ್ತದೆ. ಮೇಲ್‌ಗೆ ಹಾಕಿದ ಡಿಜಿಟಲ್ ಸಹಿ ಸರಿಯಾಗಿದೆಯೇ ಎಂಬುದನ್ನು ಎರಡನೆಯದೂ, ಇವೆರಡರಲ್ಲಿ ಒಂದಾದರೂ ನಮಗೆ ಕಾಣುವ ಕಳುಹಿಸಿದವರ ವಿಳಾಸಕ್ಕೆ ಹೊಂದುತ್ತದೆಯೇ ಎಂಬುದನ್ನು ಮೂರನೆಯದೂ ಹೇಳುತ್ತವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಬಳಕೆದಾರರಿಗೆ ಕಳುಹಿಸುವವರು ಡಿಮಾರ್ಕ್ ವ್ಯವಸ್ಥೆ ಮಾಡಿಕೊಂಡಿರಲೇಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿದೆ. ಆದ್ದರಿಂದ ದೊಡ್ಡ ಆಟದ ಕಂಪನಿಯ ಮೇಲ್ ಎಂದು ಹೇಳಿಕೊಂಡು ಡಿಮಾರ್ಕ್ ಸಾಲಿನಲ್ಲಿ "ಫೇಲ್" ಎಂದಿದ್ದರೆ ಅದನ್ನು ನಕಲಿ ಎಂದೇ ತಿಳಿದು ಪಕ್ಕಕ್ಕಿಡಬಹುದು.

ಇದರ ವಿಲೋಮ ಮಾತ್ರ ನಿಜವಲ್ಲ, ಮತ್ತು ಸ್ವಲ್ಪ ತಿಳಿದವರು ಎಡವುವುದು ಇಲ್ಲಿಯೇ. ವಂಚಕನು ಕಂಪನಿಯ ಹೆಸರನ್ನೇ ಹೋಲುವ ತಾಣವೊಂದನ್ನು ಹಣ ಕೊಟ್ಟು ನೋಂದಾಯಿಸಿಕೊಂಡು, ಅದಕ್ಕೆ ಈ ಮೂರೂ ವ್ಯವಸ್ಥೆಗಳನ್ನು ಶಿಸ್ತಾಗಿ ಮಾಡಿಕೊಂಡಿದ್ದರೆ ಮೂರೂ ಸಾಲುಗಳಲ್ಲಿ "ಪಾಸ್" ಎಂದೇ ಬರುತ್ತದೆ. ಮೇಲ್ ಆ ತಾಣದಿಂದಲೇ ಬಂದಿದೆ ಎಂಬುದಕ್ಕೆ ಅದು ಪ್ರಮಾಣವೇ ಹೊರತು ಆ ತಾಣವೇ ಪ್ರಾಮಾಣಿಕ ಎಂಬುದಕ್ಕಲ್ಲ.

ಲಿಂಕ್ ಎಲ್ಲಿಗೆ ಒಯ್ಯುತ್ತದೆ

ಒಂದೇ ಒಂದು ಪರೀಕ್ಷೆ ಮಾಡಲು ವ್ಯವಧಾನವಿದೆ ಎನ್ನುವವರು ಇದನ್ನು ಮಾಡಬೇಕು. ಕಂಪ್ಯೂಟರಿನಲ್ಲಾದರೆ ಲಿಂಕ್ ಮೇಲೆ ಮೌಸ್ ಇಟ್ಟು ಒತ್ತದೆ ಹಾಗೆಯೇ ಬಿಟ್ಟರೆ ಬ್ರೌಸರ್‌ನ ಕೆಳಗಿನ ಎಡಮೂಲೆಯಲ್ಲಿ ಅದರ ನಿಜವಾದ ವಿಳಾಸ ಕಾಣುತ್ತದೆ. ಫೋನಿನಲ್ಲಾದರೆ ಲಿಂಕನ್ನು ಒತ್ತಿ ಹಿಡಿದರೆ ವಿಳಾಸ ಮೇಲೆ ಬರುತ್ತದೆ. ಮೇಲ್‌ನಲ್ಲಿ ನೀಲಿ ಬಣ್ಣದಲ್ಲಿ ಬರೆದಿರುವ ವಿಳಾಸವೇ ಬೇರೆ, ಅದು ಒಯ್ಯುವ ವಿಳಾಸವೇ ಬೇರೆ ಆಗಿರಬಹುದು ಎಂಬುದನ್ನು ನೆನಪಿನಲ್ಲಿಡಬೇಕು.

ವಿಳಾಸವನ್ನು ಓದುವ ಕ್ರಮ ಹೀಗಿದೆ. ಆರಂಭದ ಎರಡು ಓರೆಗೆರೆಗಳನ್ನು ದಾಟಿ, ಮುಂದೆ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಮಾತ್ರ ತೆಗೆದುಕೊಳ್ಳಬೇಕು. ಆ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಉದಾಹರಣೆಗೆ "ಸ್ಟೀಮ್‌ಪವರ್ಡ್ ಡಾಟ್ ಕಾಮ್ ಡಾಟ್ ಗಿಫ್ಟ್-ವೆರಿಫೈ ಡಾಟ್ ಎಕ್ಸ್‌ವೈಝಡ್" ಎಂಬ ವಿಳಾಸದಲ್ಲಿ ಒಡೆಯನ ಹೆಸರು ಬಲತುದಿಯ "ಗಿಫ್ಟ್-ವೆರಿಫೈ ಡಾಟ್ ಎಕ್ಸ್‌ವೈಝಡ್" ಎಂಬುದೇ. ಅದರ ಎಡಗಡೆಗೆ ಸ್ಟೀಮ್ ಎಂದೋ ಗೂಗಲ್ ಎಂದೋ ಬರೆದುಕೊಳ್ಳಲು ಅವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಡಿಸಿ ಕಚೇರಿ ರಸ್ತೆಯಲ್ಲಿ ಅಂಗಡಿ ಇದ್ದ ಮಾತ್ರಕ್ಕೆ ಅಂಗಡಿಯವನು ಜಿಲ್ಲಾಧಿಕಾರಿಯಾಗುವುದಿಲ್ಲವಷ್ಟೇ. ಇನ್ನು ಆ ಭಾಗದ ನಡುವೆ ಇಮೇಲ್ ವಿಳಾಸಗಳಲ್ಲಿ ಬರುವ ಆ್ಯಟ್ ಚಿಹ್ನೆ ಇದ್ದರೆ ಅದರ ಎಡಗಡೆಗಿರುವುದೆಲ್ಲವೂ ಬರೀ ತೋರಿಕೆಗೆ. ಬ್ರೌಸರ್ ಹೋಗುವುದು ಅದರ ಬಲಗಡೆಯ ತಾಣಕ್ಕೆ.

ಅಕ್ಷರಗಳ ಹೋಲಿಕೆಯ ಮೋಸಕ್ಕೆ ಕಣ್ಣು ಸುಲಭವಾಗಿ ಬೀಳುತ್ತದೆ. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದರೆ ಫೋನಿನ ಸಣ್ಣ ಪರದೆಯಲ್ಲಿ ಎಮ್ ಅಕ್ಷರದಂತೆಯೇ ಕಾಣುತ್ತದೆ, ಹಾಗಾಗಿ ಸ್ಟೀಮ್ ಪದದ ಕೊನೆಯಲ್ಲಿ ನಿಜಕ್ಕೂ ಎಮ್ ಇದೆಯೇ ಎಂದು ನೋಡಬೇಕು. ಓ ಅಕ್ಷರದ ಜಾಗದಲ್ಲಿ ಸೊನ್ನೆ, ಎಲ್ ಅಕ್ಷರದ ಜಾಗದಲ್ಲಿ ಒಂದು ಬಂದಿರಬಹುದು. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನ ಎ, ಓ, ಇ ಅಕ್ಷರಗಳಿಂದ ಕಣ್ಣಿಗೆ ಬೇರ್ಪಡಿಸಲಾಗದಷ್ಟು ಹೋಲುತ್ತವೆ. ಅಂಥವನ್ನು ಬೆರೆಸಿದ ವಿಳಾಸವನ್ನು ಬ್ರೌಸರ್‌ಗಳು ಅನೇಕ ವೇಳೆ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಅರ್ಥವಿಲ್ಲದ ಅಕ್ಷರ ಸರಣಿಯಾಗಿ ತೋರಿಸುತ್ತವೆ. ಹಾಗೆ ಕಂಡರೆ ಮುಂದುವರಿಯಬಾರದು. ಗೂಗಲ್ ಫಾರ್ಮ್‌ಗೆ ಒಯ್ಯುವ ಲಿಂಕ್‌ಗಳದ್ದು ಬೇರೆಯೇ ಕಥೆ: ವಿಳಾಸ ನಿಜಕ್ಕೂ ಗೂಗಲ್‌ನದೇ, ಆದರೆ ಫಾರ್ಮ್ ಬರೆದವನು ಯಾರೋ. ಗೂಗಲ್ ಫಾರ್ಮ್‌ಗಳ ಮೂಲಕ ಎಂದಿಗೂ ಪಾಸ್‌ವರ್ಡ್ ಕಳುಹಿಸಬೇಡಿ ಎಂದು ಗೂಗಲ್ ತಾನೇ ಆ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ.

ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಲ್ಲಿಯೇ ಉಳಿಸಿಕೊಂಡಿರುವವರಿಗೆ ಇನ್ನೊಂದು ಒಳ್ಳೆಯ ಸೂಚನೆ ದೊರೆಯುತ್ತದೆ. ಎಂದಿನ ಪುಟದಲ್ಲಿ ತಾನಾಗಿ ತುಂಬಿಕೊಳ್ಳುವ ಪಾಸ್‌ವರ್ಡ್ ಮೇಲ್‌ನಿಂದ ಹೋದ ಪುಟದಲ್ಲಿ ತುಂಬಿಕೊಳ್ಳದಿದ್ದರೆ ಬ್ರೌಸರ್ ಕೆಟ್ಟಿದೆ ಎಂದುಕೊಂಡು ಕೈಯಿಂದ ಬರೆಯಲು ಹೋಗಬಾರದು. ಬ್ರೌಸರ್ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಇದು ಬೇರೆ ತಾಣವೆಂದು ಹೇಳುತ್ತಿದೆ.

ವಿಳಾಸವೂ ಸರಿ, ಪುಟವೂ ಸರಿ, ಆದರೂ ನಕಲಿ

2022ರಲ್ಲಿ ಬೆಳಕಿಗೆ ಬಂದು ಅದೇ ವರ್ಷ ಸ್ಟೀಮ್ ಖಾತೆಗಳ ಮೇಲೆ ಬಳಕೆಯಾದ ಒಂದು ತಂತ್ರವನ್ನು ಪ್ರತ್ಯೇಕವಾಗಿ ವಿವರಿಸಬೇಕು. "ನಿಮ್ಮ ತಂಡವನ್ನು ಟೂರ್ನಮೆಂಟಿಗೆ ಆರಿಸಲಾಗಿದೆ, ಸ್ಟೀಮ್ ಮೂಲಕ ಲಾಗಿನ್ ಆಗಿ" ಎಂಬ ಆಹ್ವಾನ ಬರುತ್ತದೆ. ಒತ್ತಿದಾಗ ಟೂರ್ನಮೆಂಟಿನ ಪುಟವೂ, ಅದರ ಮೇಲೆ ಸ್ಟೀಮ್‌ನ ಲಾಗಿನ್ ಕಿಟಕಿಯೂ ತೆರೆಯುತ್ತವೆ. ಆ ಕಿಟಕಿಯ ವಿಳಾಸ ಪಟ್ಟಿಯಲ್ಲಿ ಸ್ಟೀಮ್‌ನ ಸರಿಯಾದ ವಿಳಾಸವೇ ಇರುತ್ತದೆ, ಬೀಗದ ಚಿಹ್ನೆಯೂ ಇರುತ್ತದೆ. ಆದರೆ ಅದು ಕಿಟಕಿಯೇ ಅಲ್ಲ. ಪುಟದೊಳಗೆ ಬಿಡಿಸಿದ ಚಿತ್ರ, ವಿಳಾಸ ಪಟ್ಟಿಯೂ ಚಿತ್ರದ ಭಾಗ. ಪತ್ತೆ ಮಾಡುವುದು ಸುಲಭ. ಆ ಕಿಟಕಿಯ ತಲೆಭಾಗವನ್ನು ಮೌಸ್‌ನಿಂದ ಹಿಡಿದು ಬ್ರೌಸರ್‌ನ ಅಂಚಿನಿಂದ ಆಚೆಗೆ ಎಳೆಯಬೇಕು. ನಿಜವಾದ ಕಿಟಕಿಯಾದರೆ ಹೊರಗೆ ಬರುತ್ತದೆ, ಚಿತ್ರವಾದರೆ ಅಂಚಿನಲ್ಲಿ ನಿಂತುಬಿಡುತ್ತದೆ ಅಥವಾ ಅಂಚಿನ ಒಳಕ್ಕೆ ಮರೆಯಾಗುತ್ತದೆ. ಫೋನಿನಲ್ಲಿ ಈ ಪರೀಕ್ಷೆಗೆ ಅವಕಾಶವಿಲ್ಲವಾದ್ದರಿಂದ ಅಂತಹ ಆಹ್ವಾನಗಳಿಗೆ ಫೋನಿನಿಂದ ಲಾಗಿನ್ ಆಗದಿರುವುದೇ ಕ್ಷೇಮ.

ಅಸಲಿ ಮೇಲ್ ಕೂಡ ದೋಷದ ಸೂಚನೆಯಾಗಬಹುದು

ನೀವು ಲಾಗಿನ್ ಆಗಲು ಯತ್ನಿಸದೇ ಇರುವಾಗ ಲಾಗಿನ್ ದೃಢೀಕರಿಸುವ ಸ್ಟೀಮ್ ಗಾರ್ಡ್ ಕೋಡ್ ಮೇಲ್‌ನಲ್ಲಿ ಬಂದರೆ, ಮತ್ತು ಆ ಮೇಲ್ ಎಲ್ಲ ಪರೀಕ್ಷೆಗಳಲ್ಲೂ ಅಸಲಿ ಎಂದು ಕಂಡುಬಂದರೆ, ಸಮಾಧಾನದಿಂದ ಅಳಿಸಿ ಸುಮ್ಮನಾಗಬಾರದು. ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಸರಿಯಾಗಿ ಕೊಟ್ಟ ಮೇಲೆಯೇ ಸ್ಟೀಮ್ ಆ ಕೋಡ್ ಕಳುಹಿಸುವುದರಿಂದ ನಿಮ್ಮ ಪಾಸ್‌ವರ್ಡ್ ಬೇರೆಯವರ ಬಳಿ ಇದೆ ಎಂದೇ ಅದರ ಅರ್ಥ. ಪಾಸ್‌ವರ್ಡ್ ಬದಲಾವಣೆಯ ಕೋರಿಕೆ ಬಂದಿದೆ ಎಂಬ ಮೇಲ್ ಮಾತ್ರ ಇಷ್ಟು ಗಂಭೀರವಲ್ಲ. ನಿಮ್ಮ ಇಮೇಲ್ ವಿಳಾಸ ಗೊತ್ತಿರುವ ಯಾರು ಬೇಕಾದರೂ ಅಂತಹ ಕೋರಿಕೆ ಸಲ್ಲಿಸಬಹುದು. ಎರಡರಲ್ಲಿಯೂ ಮಾಡಬೇಕಾದದ್ದು ಒಂದೇ: ಮೇಲ್‌ನ ಲಿಂಕ್ ಒತ್ತದೆ, ಆಟದ ಆ್ಯಪನ್ನೋ ತಾಣವನ್ನೋ ನೀವೇ ತೆರೆದು ಅಲ್ಲಿಂದ ಖಾತೆಯ ಸ್ಥಿತಿ ನೋಡುವುದು. ಈ ಒಂದು ಅಭ್ಯಾಸವಿದ್ದವರಿಗೆ ಮೇಲಿನ ಪರೀಕ್ಷೆಗಳಲ್ಲಿ ಅರ್ಧಕ್ಕರ್ಧ ಬೇಕಾಗುವುದೇ ಇಲ್ಲ, ಖಾತೆ ನಿಜಕ್ಕೂ ತಡೆಹಿಡಿಯಲ್ಪಟ್ಟಿದ್ದರೆ ಅದು ಆ್ಯಪ್‌ನೊಳಗೂ ಕಾಣಬೇಕಷ್ಟೆ.

ಯಾವ ಆಟಕ್ಕೆ ಯಾವ ಗಾಳ

ಆಟದ ವ್ಯವಸ್ಥೆ ಗೊತ್ತಿದ್ದರೆ ಮೇಲ್ ಓದುತ್ತಿರುವಾಗಲೇ ಸುಳ್ಳು ತಿಳಿಯುತ್ತದೆ. ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತೀಯ ಆವೃತ್ತಿ) ಆಡುವವರು ಒಳಗೆ ಹೋಗುವುದು ಗೂಗಲ್, ಫೇಸ್‌ಬುಕ್, ಎಕ್ಸ್ ಮುಂತಾದ ಬೇರೆ ಖಾತೆಗಳ ಮೂಲಕ. "ನಿಮ್ಮ ಬಿಜಿಎಂಐ ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ" ಎಂಬ ಮೇಲ್ ಬಂದರೆ ಇಲ್ಲದ ಪಾಸ್‌ವರ್ಡಿನ ಅವಧಿ ಹೇಗೆ ಮುಗಿಯುತ್ತದೆ ಎಂದು ಕೇಳಿಕೊಳ್ಳಬೇಕು. ಕೋಡ್ ಕೊಟ್ಟು ಬಹುಮಾನ ಪಡೆಯುವ ಅದರ ರಿಡೀಮ್ ಪುಟವು ಕೇಳುವುದು ಕ್ಯಾರೆಕ್ಟರ್ ಐಡಿ, ಕೋಡ್ ಮತ್ತು ಚಿತ್ರದಲ್ಲಿ ಕಾಣುವ ಪರಿಶೀಲನಾ ಅಕ್ಷರಗಳನ್ನು ಮಾತ್ರ. ಉಚಿತ ಯುಸಿ (ಆಟದೊಳಗಿನ ಹಣ) ಕೊಡುತ್ತೇವೆಂದು ಗೂಗಲ್ ಪಾಸ್‌ವರ್ಡ್ ಕೇಳುವ ಪುಟ ಯಾರದ್ದೆಂದು ಇದರಿಂದಲೇ ಊಹಿಸಬಹುದು. ಫ್ರೀ ಫೈರ್‌ನಲ್ಲಿ ಗೆರೆ ಇಷ್ಟು ಸ್ಪಷ್ಟವಿಲ್ಲ. ಆ ಆಟದ ಕಂಪನಿಯಾದ ಗರೀನಾದ ರಿಡೀಮ್ ಪುಟವು ಫೇಸ್‌ಬುಕ್ ಅಥವಾ ಗೂಗಲ್ ಮೂಲಕ ಲಾಗಿನ್ ಆಗಲು ನಿಜಕ್ಕೂ ಕೇಳುತ್ತದೆ, ಹಾಗಾಗಿ ಅದನ್ನು ಹೋಲುವ ನಕಲಿ ಪುಟಕ್ಕೆ ಬೀಳುವುದು ಸುಲಭ.

ಆಟಗಳಿಗೆ ತಡೆ ಬಿದ್ದು ತೆರವಾದ ಇತಿಹಾಸವೂ ವಂಚಕರಿಗೆ ಅನುಕೂಲ ಮಾಡಿಕೊಟ್ಟಿದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ, ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧಗೊಂಡವು. ಬಿಜಿಎಂಐ 2022ರ ಜುಲೈನಲ್ಲಿ ನಿಂತು 2023ರ ಮೇ ತಿಂಗಳಲ್ಲಿ ಮರಳಿತು. "ಆಟ ಮರಳಿ ಬರುತ್ತಿದೆ, ಹಳೆಯ ಐಡಿ ಉಳಿಯಬೇಕಾದರೆ ಇಂದೇ ದೃಢೀಕರಿಸಿ" ಎಂಬ ಮೇಲನ್ನು ನಂಬಲು ಇಷ್ಟು ಹಿನ್ನೆಲೆ ಸಾಕು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ ಮೇಲೆ "ವಾಲೆಟ್‌ನಲ್ಲಿ ಉಳಿದಿರುವ ಹಣ ಹಿಂಪಡೆಯಿರಿ" ಎಂಬ ಮೇಲ್‌ಗೂ ಇದೇ ಎಚ್ಚರ ಬೇಕು.

ಎಲ್ಲಿಯವರೆಗೆ ಹೋಗಿದೆ

"ಬರೀ ಒತ್ತಿದೆ ಅಷ್ಟೇ" ಎಂಬ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳದೆ, ಬೈಯದೆ, ಹೆಜ್ಜೆ ಹೆಜ್ಜೆಯಾಗಿ ಕೇಳಬೇಕು. ಮೇಲ್ ತೆರೆದು ಓದಿದ್ದು ಮಾತ್ರವಾದರೆ ಏನೂ ಮಾಡಬೇಕಿಲ್ಲ, ಫಿಶಿಂಗ್ ಎಂದು ಜಿಮೇಲ್‌ಗೆ ವರದಿ ಮಾಡಿದರೆ ಸಾಕು. ಲಿಂಕ್ ಒತ್ತಿ ಪುಟ ನೋಡಿ ಏನನ್ನೂ ಬರೆಯದೆ ಹೊರಬಂದಿದ್ದರೆ ಸಾಮಾನ್ಯವಾಗಿ ನಷ್ಟವಿಲ್ಲ. ಯಾವುದಾದರೂ ಫೈಲ್ ಡೌನ್‌ಲೋಡ್ ಆಗಿದೆಯೇ ಎಂದು ನೋಡಿ, ಆಗಿದ್ದರೆ ತೆರೆಯದೆ ಅಳಿಸಬೇಕು.

ಪಾಸ್‌ವರ್ಡ್ ಬರೆದಿದ್ದರೆ ಕ್ರಮ ಬಹಳ ಮುಖ್ಯ, ಮತ್ತು ಆ ಕ್ರಮ ಆಟದಿಂದ ಆರಂಭವಾಗುವುದಿಲ್ಲ. ಮೊದಲು ಇಮೇಲ್ ಖಾತೆಯನ್ನು ಭದ್ರಪಡಿಸಬೇಕು, ಏಕೆಂದರೆ ಆಟದ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಅಂಚೆಪೆಟ್ಟಿಗೆ ವಂಚಕನ ಕೈಯಲ್ಲಿರುವವರೆಗೆ ಆಟದ ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ ಅವನು ಮತ್ತೆ ಬದಲಿಸಬಲ್ಲ. ಜಿಮೇಲ್‌ನ ಪಾಸ್‌ವರ್ಡ್ ಬದಲಿಸಿ, ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿ, ರಿಕವರಿ ಫೋನ್ ಸಂಖ್ಯೆ ಮತ್ತು ರಿಕವರಿ ಇಮೇಲ್ ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಬೇಕು. ಆ ಮೇಲೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಭಾಗಗಳನ್ನು ತೆರೆದು ನೋಡಬೇಕು. ಆಟದ ಕಂಪನಿಯಿಂದ ಬರುವ ಮೇಲ್‌ಗಳು ನಿಮ್ಮ ಕಣ್ಣಿಗೆ ಬೀಳದೆ ನೇರವಾಗಿ ಕಸಕ್ಕೆ ಹೋಗುವಂತೆ ಒಂದು ಫಿಲ್ಟರ್ ಹಾಕಿಟ್ಟಿದ್ದರೆ ಎಚ್ಚರಿಕೆಯ ಮೇಲ್‌ಗಳು ಬಂದದ್ದೇ ತಿಳಿಯುವುದಿಲ್ಲ, ಮತ್ತು ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಫಿಲ್ಟರ್ ಹೋಗುವುದಿಲ್ಲ.

ಇದಾದ ಮೇಲೆ ಆಟದ ಖಾತೆ. ಸ್ಟೀಮ್‌ನಲ್ಲಾದರೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ವೆಬ್ ಎಪಿಐ ಕೀ (ಬೇರೆ ಪ್ರೋಗ್ರಾಂಗಳು ನಿಮ್ಮ ಖಾತೆಯನ್ನು ಬಳಸಲು ನೆರವಾಗುವ ಗುಪ್ತ ಸಂಕೇತ) ಪುಟವನ್ನು ನೋಡಬೇಕು. ನೀವು ಪ್ರೋಗ್ರಾಂ ಬರೆಯುವವರಲ್ಲವಾದರೆ ಅಲ್ಲಿ ಯಾವ ಕೀಯೂ ಇರಬಾರದು. ಇದ್ದರೆ ವಂಚಕನು ಅದರ ಮೂಲಕ ನಿಮ್ಮ ವಿನಿಮಯಗಳನ್ನು ಗಮನಿಸುತ್ತಿದ್ದು, ನೀವು ಗೆಳೆಯನಿಗೆ ಕಳುಹಿಸಿದ ಸ್ಕಿನ್ನಿನ ಕೋರಿಕೆಯನ್ನು ರದ್ದುಮಾಡಿ, ಅದೇ ಹೆಸರು ಅದೇ ಫೋಟೊ ಇರುವ ತನ್ನ ಖಾತೆಗೆ ಹೊಸ ಕೋರಿಕೆ ಸೃಷ್ಟಿಸಬಲ್ಲ. ಕೀಯನ್ನು ಅಲ್ಲಿಂದಲೇ ರದ್ದುಮಾಡಬೇಕು.

ಒಟಿಪಿಯನ್ನೂ ಕೊಟ್ಟಿದ್ದರೆ ವಂಚಕನು ಆ ಕ್ಷಣದಲ್ಲಿಯೇ ಒಳಹೊಕ್ಕಿದ್ದಾನೆ ಎಂದೇ ತಿಳಿಯಬೇಕು, ಏಕೆಂದರೆ ನಕಲಿ ಪುಟವು ಬರೆದದ್ದನ್ನು ಬರೆದ ಹಾಗೆಯೇ ಅಸಲಿ ತಾಣಕ್ಕೆ ದಾಟಿಸುತ್ತಿರುತ್ತದೆ. ಎರಡು ಹಂತದ ಭದ್ರತೆ ಇದ್ದೂ ಖಾತೆಗಳು ಹೋಗುವುದು ಹೀಗೆ. ಪಾಸ್‌ವರ್ಡಿನ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಒಳಹೋಗುವ ಪಾಸ್‌ಕೀ ವ್ಯವಸ್ಥೆಯಲ್ಲಿ ಈ ದಾರಿ ಮುಚ್ಚುತ್ತದೆ, ಅದು ನೋಂದಾಯಿಸಿದ ತಾಣದ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ. ಗೂಗಲ್ ಖಾತೆಗೆ ಇದು 2023ರಿಂದ ಲಭ್ಯವಿದೆ, ತಂದೆಯ ಜಿಮೇಲ್‌ಗೆ ಮೊದಲು ಮಾಡಿಸಬೇಕಾದದ್ದು ಇದನ್ನೇ.

ಮೇಲ್ ಜೊತೆ ಬಂದ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದಿದ್ದರೆ ವಿಷಯ ಬೇರೆಯೇ. ವಿಂಡೋಸ್ ತನ್ನ ರೂಢಿಯ ಸೆಟ್ಟಿಂಗ್‌ನಲ್ಲಿ ಫೈಲಿನ ಕೊನೆಯ ಗುರುತನ್ನು ಮರೆಮಾಡುವುದರಿಂದ ಪಿಡಿಎಫ್ ಎಂದು ಕಾಣುವ ವೇಳಾಪಟ್ಟಿ ನಿಜದಲ್ಲಿ ಇಎಕ್ಸ್‌ಇ, ಅಂದರೆ ತೆರೆದೊಡನೆ ಓಡುವ ತಂತ್ರಾಂಶ ಆಗಿರಬಹುದು. ಇಂತಹ ಕಳ್ಳ ತಂತ್ರಾಂಶವು ಬ್ರೌಸರ್‌ನಲ್ಲಿ ಉಳಿದಿರುವ ಲಾಗಿನ್ ಕುಕೀಗಳನ್ನೇ (ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಸಣ್ಣ ದಾಖಲೆಗಳನ್ನು) ಕದಿಯುತ್ತದೆ. ಕುಕೀ ಇದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ರಾಬ್ಲಾಕ್ಸ್ ಎಂಬ ಆಟದ ತಾಣವು ತನ್ನ ಕುಕೀಯ ಒಳಗೇ "ಇದನ್ನು ಯಾರಿಗೂ ಕೊಡಬೇಡಿ" ಎಂಬ ಎಚ್ಚರಿಕೆಯನ್ನು ಬರೆದಿಟ್ಟಿರುವುದು ಇದೇ ಕಾರಣಕ್ಕೆ. ಈ ಒಂದು ಸಂದರ್ಭದಲ್ಲಿ ಮಾತ್ರ ಫಾರ್ಮ್ಯಾಟ್ ಮಾಡಿಸುವುದಕ್ಕೆ ಅರ್ಥವಿದೆ, ಮತ್ತು ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಬೇಕು.

ದೂರು ಮತ್ತು ದಾಖಲೆ

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಸಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಖಾತೆ ಮಾತ್ರ ಹೋಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಕೆಜಿಎಫ್ ಪೊಲೀಸ್ ಆಡಳಿತದಲ್ಲಿ ಬೇರೆಯೇ ಜಿಲ್ಲೆಯಾಗಿರುವುದರಿಂದ ಆ ಭಾಗದವರು ಕೋಲಾರಕ್ಕೆ ಬಂದು ತಿರುಗುವ ಮೊದಲು ವಿಚಾರಿಸಿಕೊಳ್ಳುವುದು ಒಳಿತು. ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ, ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು 66ಡಿ ಕಲಮಿನಡಿ ಅಪರಾಧ. ಎರಡಕ್ಕೂ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. "ಆಟದ ಐಡಿಗೆಲ್ಲ ಏನು ದೂರು" ಎಂಬ ಮಾತು ಎದುರಾದರೆ ಡೈಮಂಡ್, ಯುಸಿ, ಸ್ಕಿನ್ ಕೊಳ್ಳಲು ಕೊಟ್ಟ ಹಣದ ಯುಪಿಐ ದಾಖಲೆಗಳು ನಷ್ಟವನ್ನು ರೂಪಾಯಿಯಲ್ಲಿ ತೋರಿಸುತ್ತವೆ. ಖಾತೆ ನಿಮ್ಮದೇ ಎಂದು ಆಟದ ಕಂಪನಿಗೆ ಸಾಬೀತುಪಡಿಸಲು ಬೇಕಾಗುವುದೂ ಅವೇ ರಸೀದಿಗಳು.

ಖಾತೆ ಹೋಯಿತೆಂದು ಇನ್‌ಸ್ಟಾಗ್ರಾಮ್‌ನಲ್ಲಿ ಬರೆದುಕೊಂಡರೆ, ಹಣ ಕೊಟ್ಟರೆ ವಾಪಸ್ ಕೊಡಿಸುತ್ತೇನೆಂದು ಬರುವವರು ಅದೇ ವಂಚನೆಯ ಎರಡನೆಯ ಸುತ್ತು, ಅವರಿಗೆ ಉತ್ತರಿಸಬಾರದು. ಸಿಟ್ಟಿಗೆ ಮೂಲ ಮೇಲನ್ನು ಅಳಿಸಿಬಿಡುವವರೂ ಇದ್ದಾರೆ. ಸ್ಕ್ರೀನ್‌ಶಾಟ್‌ನಲ್ಲಿ ಅಕ್ಷರ ಮಾತ್ರ ಉಳಿಯುತ್ತದೆ, ಫಾರ್ವರ್ಡ್ ಮಾಡಿದರೆ ಯಾವ ಸರ್ವರ್‌ನಿಂದ ಬಂದಿತೆಂಬ ಮೂಲ ವಿವರ ಬಿಟ್ಟುಹೋಗುತ್ತದೆ. ಆದ್ದರಿಂದ "ಶೋ ಒರಿಜಿನಲ್" ಪುಟದಲ್ಲಿಯೇ ಇರುವ ಡೌನ್‌ಲೋಡ್ ಗುಂಡಿ ಒತ್ತಿ ಮೇಲನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಠಾಣೆಗೆ ಹೋಗಬೇಕು.